ಜಿಆರ್‌ಇ ವರ್ಬಲ್: ಅಣಕು ಪರೀಕ್ಷೆ ನೋಡಿ ಅಸಲಿ ಅಂಕ ಅಂದಾಜು ಮಾಡೋದು ಹೇಗೆ?

ಪ್ರಶ್ನೆ (ಮಂಡ್ಯ):
ವಿದೇಶದಲ್ಲಿ ಸ್ನಾತಕೋತ್ತರ ಓದೋಕೆ ಜಿಆರ್‌ಇ ಪರೀಕ್ಷೆ ಬರೀತಿದೀನಿ. ಬೇರೆ ಬೇರೆ ಕೋಚಿಂಗ್ ಆ್ಯಪ್‌ಗಳ ಅಣಕು ಪರೀಕ್ಷೆಯಲ್ಲಿ ವರ್ಬಲ್ (ಇಂಗ್ಲಿಷ್ ಭಾಷೆಯ ಭಾಗ) ಅಂಕ ಒಂದು ಸಲ 149, ಇನ್ನೊಂದು ಸಲ 157. ಯಾವುದನ್ನ ನಂಬಲಿ? ಮುಂದಿನ ತಿಂಗಳೇ ಪರೀಕ್ಷೆ.

ಉತ್ತರ (ಮೈಸೂರು, ಸರಸ್ವತಿಪುರಂ):
ಎರಡನ್ನೂ ಬದಿಗಿಡಿ. ಪರೀಕ್ಷೆ ನಡೆಸೋ ಇಟಿಎಸ್ ಸಂಸ್ಥೆಯದೇ ಆನ್‌ಲೈನ್ ಅಭ್ಯಾಸ ಪರೀಕ್ಷೆ ಪವರ್‌ಪ್ರೆಪ್‌ನಲ್ಲಿ 2 ಟೆಸ್ಟ್ ಉಚಿತವಾಗಿವೆ. ಒಂದು ಈಗ ಬರೀರಿ, ಇನ್ನೊಂದನ್ನ ಪರೀಕ್ಷೆಗೆ ವಾರವಿರುವಾಗ. ಮೊದಲಿಗೆ ಬರೋ 30 ನಿಮಿಷದ ಪ್ರಬಂಧವನ್ನ ದಯವಿಟ್ಟು ಹಾರಿಸಬೇಡಿ. ದಣಿವಿಲ್ಲದ ತಲೆಯಲ್ಲಿ ಬಂದ ಅಂಕ ಉಬ್ಬಿರುತ್ತೆ. ಅದೇ ಟೆಸ್ಟ್ ಮತ್ತೆ ಬರೆದ್ರೂ ಅಷ್ಟೇ, ಪ್ರಶ್ನೆ ನೆನಪಿರುತ್ತೆ.

ಉತ್ತರ (ಮೈಸೂರು, ಕುವೆಂಪುನಗರ):
ಒಟ್ಟು ಸರಿ ಉತ್ತರ ಎಣಿಸಿ ಅಂಕ ಲೆಕ್ಕ ಹಾಕೋಕೆ ಹೋಗಬೇಡಿ. 2023ರ ಸೆಪ್ಟೆಂಬರ್‌ನಿಂದ ವರ್ಬಲ್‌ನಲ್ಲಿ ಎರಡು ಭಾಗ: ಮೊದಲನೇದು 12 ಪ್ರಶ್ನೆ, 18 ನಿಮಿಷ. ಎರಡನೇದು 15 ಪ್ರಶ್ನೆ, 23 ನಿಮಿಷ. ಮೊದಲನೇದು ಹೇಗೆ ಮಾಡಿದ್ರಿ ಅನ್ನೋದರ ಮೇಲೆ ಎರಡನೇದರ ಕಷ್ಟ ನಿಂತಿರುತ್ತೆ, ಅದು ಅಂಕಕ್ಕೂ ಸೇರುತ್ತೆ.

ಇನ್ನೊಂದು: ಬರೆಯುವಾಗಲೇ ಊಹೆ ಮಾಡಿದ ಪ್ರಶ್ನೆಗಳ ನಂಬರ್ ಚೀಟಿಯಲ್ಲಿ ಗುರುತು ಹಾಕ್ಕೊಳ್ಳಿ. ಸರಿಯಾದವುಗಳಲ್ಲಿ ಊಹೆ ಜಾಸ್ತಿ ಇದ್ದರೆ ಆ 157 ನಿಲ್ಲಲ್ಲ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ (ಒಂದು ಖಾಲಿ ಜಾಗಕ್ಕೆ ವಾಕ್ಯದ ಅರ್ಥ ಒಂದೇ ಆಗೋ ಹಾಗೆ ಎರಡು ಪದ ಆರಿಸೋ ಪ್ರಶ್ನೆ) ಎರಡು ಪದವೂ ಸರಿಯಿದ್ದರೆ ಮಾತ್ರ ಅಂಕ. ಅರ್ಧ ಅಂಕ ಇಲ್ಲ. ಏರುಪೇರು ಹೆಚ್ಚಾಗಿ ಅಲ್ಲೇ.

ಪ್ರಶ್ನೆ ಕೇಳಿದವರು:
ಗೊತ್ತಿಲ್ಲದ್ದನ್ನ ಖಾಲಿ ಬಿಡೋದಾ ಸರ್?

ಉತ್ತರ (ಕುವೆಂಪುನಗರ):
ಬೇಡ್ವೇ ಬೇಡ. ತಪ್ಪಿಗೆ ಅಂಕ ಕಳೆಯಲ್ಲ. ಏನಾದ್ರೂ ಒತ್ತಿ, ಗುರುತು ಮಾತ್ರ ಮರೀಬೇಡಿ.