ಹೊಸ ಇಂಜಿನ್ ಬಂದಿದೆ, ವಿಮಾನ ಮುಗಿಯಲು ಇನ್ನೂ ಎರಡು ವರ್ಷ. ತುಕ್ಕು ತಡೆಯುವುದು ಹೇಗೆ?

ಹಾರುವಾಸೆ:
ಮನೆಯಲ್ಲೇ ವಿಮಾನ ಕಟ್ಟುತ್ತಿದ್ದೇನೆ. ಬಾಡಿ ಇನ್ನೂ ಅರ್ಧಕ್ಕೇ ನಿಂತಿದೆ, ಆದರೆ ಲೈಕಮಿಂಗ್ ಇಂಜಿನ್ ಆಗಲೇ ಬಂದಿಳಿದಿದೆ. ಸ್ಪಾರ್ಕ್ ಪ್ಲಗ್ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಪ್ಲಗ್‌ಗಳಿವೆ, ತೇವ ಹೀರಿದರೆ ನೀಲಿಯಿಂದ ಗುಲಾಬಿ ಆಗುತ್ತವೆ. ಬಂದಾಗ ಎಲ್ಲ ನೀಲಿ ಇದ್ದವು, ಈಗ ಎರಡು ಗುಲಾಬಿ ಆಗಿವೆ. ವಾರಕ್ಕೊಮ್ಮೆ ಕೈಯಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ತಿರುಗಿಸಿದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ ಅಂತಾರೆ. ನಿಜಾನಾ? ಇಲ್ಲಾ, ಸ್ಟ್ಯಾಂಡ್ ಮೇಲೆ ಕೂರಿಸಿ ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಲಾ?

ಹಳೇಸ್ಪ್ಯಾನರ್:
ಎರಡೂ ಬೇಡ, ದಯವಿಟ್ಟು. ಕೈಯಲ್ಲಿ ತಿರುಗಿಸಿದರೆ ಎಣ್ಣೆ ಹರಡುವುದಿಲ್ಲ, ಸಿಲಿಂಡರ್ ಗೋಡೆಗೆ ಅಂಟಿರುವ ಎಣ್ಣೆಯನ್ನೂ ಪಿಸ್ಟನ್ ರಿಂಗ್ ಕೆರೆದು ತೆಗೆಯುತ್ತದೆ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಯುವ ಶಾಫ್ಟ್, ಇರುವುದು ಕ್ರ್ಯಾಂಕ್‌ನ ಮೇಲೆ. ಇಂಜಿನ್ ಓಡುವಾಗ ಚಿಮ್ಮುವ ಎಣ್ಣೆಯೇ ಅದಕ್ಕೆ ಗತಿ, ನಿಂತರೆ ಇಳಿದು ಹೋಗುತ್ತದೆ. ಕ್ಯಾಮ್ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ ಆಮೇಲೆ ಓಡುವಾಗ ಅದೇ ಜಾಗದಲ್ಲಿ ಲೋಹ ಕಿತ್ತು ಬರುತ್ತದೆ, ಇಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಐದು ನಿಮಿಷ ಓಡಿಸುವುದು ಇನ್ನೂ ಕೆಟ್ಟದ್ದು. ಪೆಟ್ರೋಲ್ ಉರಿದರೆ ನೀರಾವಿ ಹುಟ್ಟುತ್ತದೆ ಅಲ್ವಾ, ಎಣ್ಣೆ ಚೆನ್ನಾಗಿ ಕಾಯದಿದ್ದರೆ ಆ ನೀರೆಲ್ಲ ಒಳಗೇ ಉಳಿಯುತ್ತದೆ. ಕಂಪನಿಯ ಸರ್ವಿಸ್ ಲೆಟರ್ ಎಲ್180 ಇದೇ ವಿಷಯಕ್ಕೆ ಇರುವುದು, ಮೊದಲು ಅದನ್ನು ಓದಿ.

ರಿವೆಟ್_ರಾತ್ರಿ:
ಎರಡೇ ಗುಲಾಬಿ ಆಗಿವೆ ಅಂದರೆ ಎಲ್ಲೋ ಗಾಳಿ ನುಗ್ಗುತ್ತಿರಬಹುದು. ಪ್ಲಗ್ ಬದಲಾಯಿಸಿ ಸುಮ್ನೆ ಕೂರಬೇಡಿ, ತೂತು ಹುಡುಕಿ. ಎಕ್ಸಾಸ್ಟ್ ಬಾಯಿ, ಇನ್‌ಟೇಕ್ ಎಲ್ಲರಿಗೂ ನೆನಪಿರುತ್ತವೆ, ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ, ಬ್ರೀದರ್, ಮರೆತುಹೋಗುತ್ತದೆ. ನಾನೂ ಮರೆತಿದ್ದೆ. ಒಂದು ವಾರದಲ್ಲಿ ನಾಲ್ಕೂ ಪ್ಲಗ್ ಗುಲಾಬಿ! ಬ್ರೀದರ್‌ಗೆ ರಬ್ಬರ್ ಬಿರಡೆ ಹಾಕಿದ ಮೇಲೆ ತಿಂಗಳುಗಟ್ಟಲೆ ನೀಲಿಯಾಗೇ ಇದ್ದವು.

ಈಗ ಮೀನಿನ ತೊಟ್ಟಿಯ ಚಿಕ್ಕ ಪಂಪ್ ಇಟ್ಟಿದ್ದೇನೆ. ಜೆಲ್ ತುಂಬಿದ ಡಬ್ಬಿಯಿಂದ ಒಣಗಾಳಿ ಇಂಜಿನ್ ಒಳಗೆ ಹೋಗಿ, ಮತ್ತೆ ಅದೇ ಡಬ್ಬಿಗೆ ಬರುತ್ತದೆ. ಹೊರಗಿನ ಗಾಳಿ ಸೇರಬಾರದು, ಅಷ್ಟೇ. ಗುಲಾಬಿ ಆದ ಜೆಲ್ ಬಿಸಾಡಬೇಡಿ, ಓವನ್‌ನಲ್ಲಿ 120 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ನೀಲಿ ಆಗುತ್ತದೆ. ಅಡುಗೆಯ ಓವನ್ ಮಾತ್ರ ಬೇಡ, ಆ ನೀಲಿ ಬಣ್ಣ ಕೋಬಾಲ್ಟ್‌ನದು, ವಿಷ.

ಹಳೇಸ್ಪ್ಯಾನರ್:
ಇನ್ನೊಂದು ಮಾತು. ಮುಚ್ಚಿದ ಪ್ರತಿ ಬಾಯಿಗೂ ಕೆಂಪು ಪಟ್ಟಿ ಕಟ್ಟಿ, ಎಷ್ಟು ಅಂತ ಎಣಿಸಿ ಬರೆದಿಡಿ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಕೆಳಗಿನ ಪ್ಲಗ್‌ಗಳನ್ನು ತೆಗೆದು ಪ್ರೊಪೆಲರ್ ತಿರುಗಿಸಿ, ಸಿಲಿಂಡರ್ ಒಳಗೆ ನಿಂತ ಎಣ್ಣೆ ಸುರಿದು ಹೋಗಲಿ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಫ್ಯೂಯಲ್ ಪಂಪ್‌ನ ಡಯಾಫ್ರಾಮ್, ಹೋಸ್ ಇವೆಲ್ಲ ಓಡದೆ ಇದ್ದರೂ ಹಳೆಯದಾಗುತ್ತವೆ, ಅವನ್ನೂ ಆಗ ನೋಡಿ.

ಹಾರುವಾಸೆ:
ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಬ್ರೀದರ್ ಸರಿ ಇದೆ. ಒಂದು ಎಕ್ಸಾಸ್ಟ್ ಮುಚ್ಚಳದ ಗ್ಯಾಸ್ಕೆಟ್ ಉಗುರಿನಷ್ಟು ಹರಿದಿದೆ, ಅದೂ ಗುಲಾಬಿ ಪ್ಲಗ್ ಇರುವ ಸಿಲಿಂಡರ್‌ನದೇ. ಇವತ್ತೇ ಬದಲಾಯಿಸುತ್ತೇನೆ. ಇನ್ನೊಂದು ಗುಲಾಬಿ ಪ್ಲಗ್‌ಗೆ ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕುತ್ತಿದ್ದೇನೆ.