ಸರ್ಕಾರಿ ಕಾಡಿನಲ್ಲಿ ನಾನು ನೋಡಿಟ್ಟ ಜಾಗದಲ್ಲಿ ಬೇರೆಯವರು ಕೂತಿದ್ದರೆ? ಜಿಂಕೆ ಬೇಟೆ ಪ್ರಶ್ನೋತ್ತರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯ ಜಿಂಕೆ ಸೀಸನ್ ಇರುವುದು ಒಂಬತ್ತೇ ದಿನ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರು. ಆ ಮೊದಲ ಬೆಳಿಗ್ಗೆ ಎಲ್ಲರೂ ಒಂದೇ ಕಾಡಿಗೆ ನುಗ್ಗುತ್ತಾರೆ, ಸೋಮವಾರದಿಂದ ನನ್ನ ಇನ್‌ಬಾಕ್ಸ್ ತುಂಬುತ್ತದೆ. ನಾನು ಇಲ್ಲಿ ಸಂಬಳವಿಲ್ಲದೆ ಹಂಟರ್ ಎಜುಕೇಶನ್ ಕ್ಲಾಸ್ ಹೇಳಿಕೊಡುವವನು, ಊರು ಕೊಪ್ಪದ ಕಡೆ. ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯ್ತು, ಇಲ್ಲೇ ಕೇಳಿ.

ಪ್ರಶ್ನೆ: ಸರ್, ನಾನು ಮ್ಯಾಡಿಸನ್‌ನಲ್ಲಿದ್ದೇನೆ, ಇದು ಎರಡನೇ ವರ್ಷ. ಅಕ್ಟೋಬರ್‌ನಲ್ಲಿ ಮೂರು ವೀಕೆಂಡ್ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಶ್ವಾಮೆಗನ್-ನಿಕೊಲೆ ನ್ಯಾಷನಲ್ ಫಾರೆಸ್ಟ್‌ಗೆ ಹೋಗಿ, ಗಂಡು ಜಿಂಕೆ ಕೊಂಬು ತಿಕ್ಕಿದ ಮರಗಳನ್ನೆಲ್ಲ ಹುಡುಕಿ, ಅಟ್ಟಣಿಗೆ ಕಟ್ಟಿ ಬಂದಿದ್ದೆ. ಮೊದಲ ದಿನ ಆರೂಕಾಲಿಗೆ ಹೋದರೆ ನನ್ನ ಮರದಿಂದ ಮೂವತ್ತು ಹೆಜ್ಜೆಯಲ್ಲಿ ಒಬ್ಬ ವಯಸ್ಸಾದವರು ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ! ಇದು ನನ್ನ ಜಾಗ ಅಂದೆ. ಅವರು ತಲೆ ಅಲ್ಲಾಡಿಸಿ ಸುಮ್ಮನಾದರು. ನಾನೂ ಹಟಕ್ಕೆ ಮೇಲೆ ಹತ್ತಿ ಕೂತೆ. ಹನ್ನೊಂದರವರೆಗೆ ಇಬ್ಬರಿಗೂ ಏನೂ ಸಿಗಲಿಲ್ಲ. ತಪ್ಪು ಯಾರದ್ದು?

ಉತ್ತರ: ನಿಮ್ಮದೇ. ಬೇಜಾರಾಗಬೇಡಿ, ಮೊದಲೆರಡು ವರ್ಷ ನಾನೂ ಇದೇ ಮಾಡಿದ್ದೆ.

ಅಟ್ಟಣಿಗೆ ನಿಮ್ಮದು, ಮರ ನಿಮ್ಮದಲ್ಲ. ಸರ್ಕಾರಿ ಜಾಗದಲ್ಲಿ ಅಟ್ಟಣಿಗೆ ಕಟ್ಟಿದ ಮಾತ್ರಕ್ಕೆ ಸುತ್ತಲಿನ ಕಾಡಿನ ಮೇಲೆ ಹಕ್ಕು ಬರುವುದಿಲ್ಲ. ಅದು ಬಸ್ ಸೀಟಿನ ಮೇಲೆ ಟವೆಲ್ ಹಾಕಿದ ಹಾಗಲ್ಲ. ಆ ಬೆಳಿಗ್ಗೆ ಯಾರು ಮೊದಲು ಬಂದು ಕೂತರೋ ಜಾಗ ಅವರದ್ದು, ಅವರು ಎದ್ದು ಹೋಗುವವರೆಗೆ. ಅವರು ನಿಮ್ಮ ಅಟ್ಟಣಿಗೆ ಹತ್ತಿ ಕೂತಿದ್ದರೆ ಮಾತು ಬೇರೆ, ಇನ್ನೊಬ್ಬರ ಸಾಮಾನು ಮುಟ್ಟಬಾರದು. ಆದರೆ ಅವರು ಸ್ವಂತ ಬಕೆಟ್ ಮೇಲೆ ಕೂತಿದ್ದರು ಅಲ್ವಾ?

ಮೂರು ವೀಕೆಂಡ್ ಕಷ್ಟಪಟ್ಟಿದ್ದೇನೆ, ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಿದ್ದೇನೆ ಅನ್ನಬಹುದು. ಅವರೂ ಕೊಟ್ಟಿದ್ದಾರೆ. 1937ರ ಪಿಟ್ಮನ್-ರಾಬರ್ಟ್ಸನ್ ಕಾನೂನಿನ ಪ್ರಕಾರ ಉದ್ದ ಕೋವಿ, ತೋಟೆಗಳ ಮೇಲೆ 11% ಕೇಂದ್ರ ತೆರಿಗೆ ಇದೆ, ಅದು ವನ್ಯಜೀವಿ ಕೆಲಸಕ್ಕೆ, ನಮ್ಮ ಕ್ಲಾಸುಗಳಿಗೆ ಬರುತ್ತದೆ. ಆ ಅಜ್ಜ ನಲವತ್ತು ವರ್ಷದಿಂದ ತೋಟೆ ಕೊಳ್ಳುತ್ತಿದ್ದರೆ ನಿಮಗಿಂತ ಜಾಸ್ತಿಯೇ ಕಟ್ಟಿರುತ್ತಾರೆ.

ಮುಂದಿನ ಸಲ ಹೀಗೆ ಮಾಡಿ. ಪಾರ್ಕಿಂಗ್‌ನಲ್ಲಿ ಗಾಡಿ ಎಣಿಸಿ. ನಾಲ್ಕೂಮುಕ್ಕಾಲಿಗೇ ಮೂರು ಪಿಕಪ್ ನಿಂತಿದ್ದು ಗಾಜಿನ ಮೇಲೆ ಮಂಜು ಕಟ್ಟಿದ್ದರೆ, ಅವರು ಒಳಗೆ ಹೋಗಿ ಬಹಳ ಹೊತ್ತಾಯಿತು ಅಂತ ಅರ್ಥ. ಎರಡನೇ ಜಾಗ, ಮೂರನೇ ಜಾಗ ಮೊದಲೇ ನೋಡಿಟ್ಟಿರಿ. ಯಾರಾದರೂ ಕೂತಿದ್ದು ಕಂಡರೆ ಮೆಲ್ಲಗೆ ಒಂದು ಮಾತಾಡಿ, ಅವರು ಯಾವ ಕಡೆ ನೋಡುತ್ತಿದ್ದಾರೆ ಕೇಳಿ, ಅವರ ಹಿಂದಿನಿಂದ ಬಳಸಿಕೊಂಡು ಹೋಗಿ. ಎಷ್ಟು ದೂರ ಅಂತ ಕೇಳುತ್ತಾರೆ. ನನ್ನ ಲೆಕ್ಕ ಇಷ್ಟೇ, ಬೆಳಕು ಹರಿದ ಮೇಲೆ ಅವರ ಕಿತ್ತಳೆ ಜಾಕೆಟ್ ನನಗೆ ಕಾಣಬಾರದು.

ಇನ್ನೊಂದು. ರಾಜ್ಯದ ದಕ್ಷಿಣ ಭಾಗದಲ್ಲಿ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಜಾಗಗಳಲ್ಲಿ ಅಟ್ಟಣಿಗೆಯನ್ನು ದಿನಾ ಬಿಚ್ಚಿಕೊಂಡು ಹೋಗಬೇಕು. ಉತ್ತರದಲ್ಲಿ ರಾತ್ರಿ ಬಿಡಲು ಅವಕಾಶ ಇರುವ ಕಡೆ ನಿಮ್ಮ ಐಡಿ ನಂಬರ್ ಅದರ ಮೇಲೆ ಕಾಣುವ ಹಾಗೆ ಬರೆದಿರಬೇಕು. ಆಯಾ ಜಾಗದ ನಿಯಮ ನೋಡಿಕೊಂಡೇ ಕಟ್ಟಿ.

ಪ್ರಶ್ನೆ: ಗ್ರೀನ್ ಬೇಯಿಂದ. ಈ ವರ್ಷ ಯಜಮಾನರ ಜೊತೆ ನಾನೂ ಲೈಸೆನ್ಸ್ ತಗೊಂಡಿದ್ದೇನೆ. ಕತ್ತಲಲ್ಲಿ ಒಳಗೆ ಹೋಗುವಾಗ ಟಾರ್ಚ್ ಹಾಕಬೇಡ, ಜಿಂಕೆ ಓಡುತ್ತೆ ಅಂತಾರೆ. ನನಗೆ ಜಿಂಕೆಗಿಂತ ಕೋವಿ ಹಿಡಿದವರ ಭಯ ಜಾಸ್ತಿ.

ಉತ್ತರ: ನಿಮ್ಮ ಭಯ ಸರಿ. ಟಾರ್ಚ್ ಹಾಕಿ. ಜಿಂಕೆ ಓಡಿದರೆ ಇನ್ನೊಂದು ಬರುತ್ತದೆ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಬೇಕು, ಟೋಪಿ ಹಾಕಿದರೆ ಅದರಲ್ಲೂ ಅಷ್ಟೇ. ಗುಲಾಬಿಗೆ ಇಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಬೆಳಕು ಕಾಣುತ್ತದೆ.

ಕೂತವರ ಹತ್ತಿರ ಬಂದುಬಿಟ್ಟಿದ್ದೀರಿ ಅನ್ನಿಸಿದರೆ ಕೈ ಬೀಸಬೇಡಿ, ಸಿಳ್ಳೆ ಹಾಕಬೇಡಿ, ಬಾಯಿಬಿಟ್ಟು ಮಾತಾಡಿ. ಮನುಷ್ಯರ ಮಾತು ಜಿಂಕೆಯ ಹಾಗೆ ಕೇಳಿಸುವುದಿಲ್ಲ. ಕನ್ನಡದಲ್ಲೇ ಕೂಗಿ, ಪರವಾಗಿಲ್ಲ. ನಡೆಯುವಾಗ ಕೋವಿಯಲ್ಲಿ ತೋಟೆ ಬೇಡ. ಮರ ಹತ್ತಿ, ಬೀಳದ ಹಾಗೆ ಸೇಫ್ಟಿ ಬೆಲ್ಟ್ ಹಾಕಿಕೊಂಡ ಮೇಲೆ ಖಾಲಿ ಕೋವಿಯನ್ನು ಹಗ್ಗದಲ್ಲಿ ಎಳೆದುಕೊಳ್ಳಿ.

ಪ್ರಶ್ನೆ: ಅಣ್ಣಾ, ನಾನು ಹೊಡೆದ ಗಂಡು ಬಿದ್ದು, ಎದ್ದು ಓಡಿ ಗುಡ್ಡ ಇಳಿಯಿತು. ಐದು ನಿಮಿಷಕ್ಕೆ ಇನ್ನೊಂದು ಈಡಿನ ಸದ್ದು. ಹೋಗಿ ನೋಡಿದರೆ ಬೇರೆಯವರು ಅದನ್ನು ತಮ್ಮ ಹೆಸರಲ್ಲಿ ನೋಂದಾಯಿಸಲು ಹೊರಟಿದ್ದಾರೆ. ಯಾರದ್ದು?

ಉತ್ತರ: ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಬೇಡಿ, ಇದು ರೂಢಿಯ ಮಾತು. ಮೊದಲ ಪೆಟ್ಟು ಶ್ವಾಸಕೋಶಕ್ಕೆ ಬಿದ್ದು ಹೇಗೂ ಸಾಯುವ ಜಿಂಕೆಯಾಗಿದ್ದರೆ ಮೊದಲನೆಯವರದ್ದು ಅಂತಾರೆ. ಕಾಲಿಗೋ ಹೊಟ್ಟೆಗೋ ತಾಗಿ ಇನ್ನೂ ಓಡುತ್ತಿದ್ದದ್ದನ್ನು ಬೀಳಿಸಿದರೆ ಬೀಳಿಸಿದವರದ್ದು. ಇಬ್ಬರೂ ಕೋವಿ ಖಾಲಿ ಮಾಡಿ, ಪಕ್ಕಕ್ಕಿಟ್ಟು, ಗಾಯ ನೋಡಿ. ಹತ್ತರಲ್ಲಿ ಎಂಟು ಸಲ ಅಲ್ಲೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಬಿಟ್ಟು ಬನ್ನಿ.

ನಮ್ಮ ಮಲೆನಾಡಲ್ಲಿ ಅಜ್ಜಂದಿರ ಕಾಲದ ಶಿಕಾರಿಯಲ್ಲಿ ಸೋವಿನವರಿಗೆ (ಪ್ರಾಣಿ ಎಬ್ಬಿಸಿ ಓಡಿಸುವವರು), ಬಿಲ್ಲಿಗೆ ನಿಂತವರಿಗೆ (ಕೋವಿ ಹಿಡಿದು ಕಾಯುವವರು), ನಾಯಿಗೆ ಅಂತ ಪಾಲು ಹಾಕುತ್ತಿದ್ದರಂತೆ. ಇಲ್ಲಿ ಒಂದು ಜಿಂಕೆಗೆ ಒಂದು ಅನುಮತಿ, ಮಾರನೇ ದಿನ ಸಂಜೆ ಐದರೊಳಗೆ ಒಬ್ಬರ ಹೆಸರಲ್ಲಿ ನೋಂದಣಿ. ಮಾಂಸ ಬೇಕಾದರೆ ಆಮೇಲೆ ಹಂಚಿಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ. ಗಾಯಗೊಂಡ ಜಿಂಕೆ ಖಾಸಗಿ ಜಮೀನಿಗೆ ದಾಟಿದರೆ ಮಾತ್ರ ಬೇಲಿ ಹತ್ತಿರ ನಿಂತುಬಿಡಿ, ಮಾಲೀಕರ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಫೋನಿನಲ್ಲಿ ಆನ್‌ಎಕ್ಸ್ ತರಹದ ಮ್ಯಾಪ್ ಇರಲಿ, ಗಡಿ ಅದರಲ್ಲಿ ಕಾಣುತ್ತದೆ.

ಪ್ರತಿಕ್ರಿಯೆ: ಎಲ್ಲದಕ್ಕೂ ಬಿಟ್ಟು ಬನ್ನಿ ಅಂತೀರಲ್ಲ ಸರ್. ಮೈಬಣ್ಣ ನೋಡಿ ಬೇಕಂತಲೇ ನಮ್ಮನ್ನು ಎಬ್ಬಿಸುವವರೂ ಇದ್ದಾರೆ. ಹೆದರಿಕೊಂಡೇ ಇರಬೇಕಾ?

ಉತ್ತರ: ಇದ್ದಾರೆ, ಇಲ್ಲ ಅನ್ನುವುದಿಲ್ಲ. ಒಂದು ಸಲ ಒಬ್ಬ ನನ್ನ ಸುತ್ತ ಬೇಕಂತಲೇ ಕೊಂಬೆ ಮುರಿಯುತ್ತಾ ಅರ್ಧ ಗಂಟೆ ಓಡಾಡಿದ್ದ. ಹಾಗೆ ಬೇಟೆಗೆ ಅಡ್ಡಿ ಮಾಡುವುದು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅಪರಾಧ. ಗಾಡಿ ನಂಬರ್ ಬರೆದುಕೊಳ್ಳಿ, ಸಮಯ ಬರೆದುಕೊಳ್ಳಿ, ಬೇಟೆ ನಿಯಮ ನೋಡಿಕೊಳ್ಳುವ ವಾರ್ಡನ್‌ಗೆ ಫೋನ್ ಮಾಡಿ. ಆದರೆ ಅಲ್ಲಿ ನಿಂತು ವಾದ ಬೇಡ.

ಯಾಕೆ ಅಂತ ಹೇಳುತ್ತೇನೆ. 2004ರ ನವೆಂಬರ್, ಇದೇ ಸೀಸನ್, ಇದೇ ರಾಜ್ಯದ ಸಾಯರ್ ಕೌಂಟಿ. ಖಾಸಗಿ ಜಮೀನಿನ ಅಟ್ಟಣಿಗೆಯಲ್ಲಿ ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ಸಮುದಾಯದ ಒಬ್ಬರು ಕೂತಿದ್ದರು. ಜಮೀನಿನವರು ಇಳಿದು ಹೋಗು ಅಂದರು, ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಜಮೀನಿನ ಕಡೆಯ ಆರು ಜನ ಸತ್ತರು. 2007ರ ಜನವರಿಯಲ್ಲಿ ಪೆಶ್ಟಿಗೊ ಹತ್ತಿರ ಸರ್ಕಾರಿ ಜಾಗಕ್ಕೆ ಅಳಿಲು ಬೇಟೆಗೆ ಹೋದ ಇನ್ನೊಬ್ಬ ಹ್ಮಾಂಗ್ ವ್ಯಕ್ತಿಯನ್ನು ಅಲ್ಲಿದ್ದ ಬಿಳಿಯ ಬೇಟೆಗಾರ ಕೊಂದ. ಪೇಟೆಯಲ್ಲಿ ಪಾರ್ಕಿಂಗ್ ಜಗಳ ಆದರೆ ಹೆಚ್ಚೆಂದರೆ ಬೈಗುಳ. ಕಾಡಿನಲ್ಲಿ ಇಬ್ಬರ ಕೈಯಲ್ಲೂ ಕೋವಿ, ಸುತ್ತ ಸಾಕ್ಷಿಗೆ ಒಂದು ನರಪಿಳ್ಳೆ ಇರುವುದಿಲ್ಲ. ನಾನು ಎದ್ದು ಬರುವುದು ಹೆದರಿಕೆಯಿಂದ ಅಂತ ನೀವು ಅಂದರೆ, ಹೌದು, ಅನ್ನಿ.

ಪ್ರಶ್ನೆ: ಎರಡು ಸಣ್ಣ ಡೌಟ್. ಎಚ್-1ಬಿಯಲ್ಲಿರುವವರು ಕೋವಿ ಹಿಡಿಯಬಹುದಾ? ಊರಿಗೆ ಬಂದಾಗ ಮಾವ ಹಂದಿ ಶಿಕಾರಿಗೆ ಕರೆಯುತ್ತಾರೆ, ಹೋಗಬಹುದಾ?

ಉತ್ತರ: ಮೊದಲನೆಯದು: ಆ ತರಹದ ವೀಸಾದವರಿಗೆ ಕೇಂದ್ರ ಕಾನೂನು ಕೋವಿ ಬೇಡ ಅನ್ನುತ್ತದೆ, ಆದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಕೋವಿ ಮುಟ್ಟಬೇಡಿ, ಒಮ್ಮೆ ವಕೀಲರನ್ನು ಕೇಳಿಬಿಡಿ. ಎರಡನೆಯದು: ಬೇಡ. 1972ರ ವನ್ಯಜೀವಿ ಕಾಯ್ದೆ ಮಾವನಿಗೂ ಒಂದೇ, ನಿಮಗೂ ಒಂದೇ. ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಯಾರೋ ಬರೆಯುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ, ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ಮ್ಯಾಡಿಸನ್‌ನವರು: ಸರ್, ಒಪ್ಪಿದೆ. ಭಾನುವಾರ ಪುನಃ ಹೋಗಿದ್ದೆ. ಅಜ್ಜ ಇರಲಿಲ್ಲ, ಅವರ ಬಕೆಟ್ ಮಾತ್ರ ಅಲ್ಲೇ ಇತ್ತು. ಈಗ ಬಕೆಟ್ ಇಟ್ಟಿದ್ದಾರೆ ಅಂತ ಜಾಗ ಅವರದ್ದಾ?

ಉತ್ತರ: ಅಲ್ಲ. ನಿಮ್ಮ ಅಟ್ಟಣಿಗೆಯ ನಿಯಮವೇ ಬಕೆಟ್‌ಗೂ. ನೀವು ಮೊದಲು ಹೋದರೆ ನೀವು ಕೂರಿ, ಬಕೆಟ್ ಮುಟ್ಟಬೇಡಿ. ಸೀಸನ್ ಮುಗಿದು ಅಟ್ಟಣಿಗೆ ಬಿಚ್ಚುವ ದಿನವೂ ಅಲ್ಲೇ ಬಿದ್ದಿದ್ದರೆ ಪಾರ್ಕಿಂಗ್‌ವರೆಗೆ ಹೊತ್ತು ತಂದು ಬೋರ್ಡಿನ ಕೆಳಗೆ ಇಟ್ಟುಬನ್ನಿ.