ಲ್ಯೂಬೆಕ್‌ನಲ್ಲಿ ಒಂದೂವರೆ ದಿನ: ಅಪ್ಪಯ್ಯ, ಆಯಿಗೆ ಏನು ತೋರಿಸಲಿ?

ಪ್ರಶ್ನೆ:
ಮೇಡಂ, ನಮಸ್ಕಾರ. ನಾನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಮೇ ತಿಂಗಳಲ್ಲಿ ಅಪ್ಪಯ್ಯ, ಆಯಿ ಕುಮಟಾದಿಂದ ಬರುತ್ತಿದ್ದಾರೆ. ಒಂದು ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಮಧ್ಯಾಹ್ನ ಮರಳುವಂತೆ ಲ್ಯೂಬೆಕ್ ತೋರಿಸುವ ಆಸೆ. ಅಪ್ಪಯ್ಯನಿಗೆ 71 ವರ್ಷ, ನಡಿಗೆಯಲ್ಲಿ ನನ್ನನ್ನೇ ಹಿಂದೆ ಹಾಕುತ್ತಾರೆ. ಸಾಣಿಕಟ್ಟೆಯ ಉಪ್ಪಿನ ಆಗರಗಳ ಪಕ್ಕದಲ್ಲೇ ಬೆಳೆದವರು. ಆಯಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಕಚೇರಿಯಲ್ಲಿ ಎಲ್ಲರೂ ‘ಅಲ್ಲಿ ಇರುವುದು ಒಂದು ಹೆಬ್ಬಾಗಿಲು, ಒಂದು ಮಿಠಾಯಿ ಅಂಗಡಿ, ಮೂರು ಗಂಟೆ ಸಾಕು’ ಎನ್ನುತ್ತಾರೆ. ನೀವು ಅಲ್ಲೇ ಪ್ರವಾಸಿ ಮಾರ್ಗದರ್ಶಿಯಾಗಿರುವುದರಿಂದ ಕೇಳುತ್ತಿದ್ದೇನೆ: ರಾತ್ರಿ ಉಳಿಯುವುದು ದಂಡವೇ?

ಉತ್ತರ:
ದಂಡವಲ್ಲ, ದಯವಿಟ್ಟು ಉಳಿಯಿರಿ. ಹ್ಯಾಂಬರ್ಗ್‌ನಿಂದ ರೈಲಿನಲ್ಲಿ ಬರೀ ಮುಕ್ಕಾಲು ಗಂಟೆಯ ದಾರಿಯಾದ್ದರಿಂದ ಜನ ಹನ್ನೊಂದಕ್ಕೆ ಬಂದಿಳಿದು ಐದಕ್ಕೆ ಹೊರಟುಬಿಡುತ್ತಾರೆ. ಅವರೆಲ್ಲ ಹೋದ ಮೇಲೆ ಟ್ರಾವೆ ನದಿಯ ದಂಡೆಯಲ್ಲಿ ಕುಳಿತರೆ ಕೆಂಪು ಇಟ್ಟಿಗೆಯ ಗೋಡೆಗಳ ಮೇಲೆ ಬಿಸಿಲು ನಿಧಾನವಾಗಿ ಇಳಿಯುವುದು ಕಾಣುತ್ತದೆ. ಮೇ ತಿಂಗಳಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಆಯಿಗೆ ಆ ಹೊತ್ತೇ ಹಿತವಾಗಬಹುದು.

ನಿಮ್ಮ ಅಪ್ಪಯ್ಯ ಉಪ್ಪಿನ ಊರಿನವರು ಎಂದು ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಲ್ಯೂಬೆಕ್ ಕಟ್ಟಿದ್ದೇ ಉಪ್ಪಿನ ಮೇಲೆ. ಹೆಬ್ಬಾಗಿಲಿನ ಪಕ್ಕದಲ್ಲೇ ನದಿಗೆ ಮುಖ ಮಾಡಿ ಆರು ಹಳೆಯ ಉಪ್ಪಿನ ಉಗ್ರಾಣಗಳಿವೆ. ಜನ ಅವುಗಳಿಗೆ ಬೆನ್ನು ಹಾಕಿ ಬಾಗಿಲಿನ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಅಲ್ಲಿಂದಲೇ ಶುರುಮಾಡಿ. ಲ್ಯೂನೆಬರ್ಗ್ ಎಂಬ ಊರಿನಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಒಲೆಯ ಮೇಲೆ ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಸಾಣಿಕಟ್ಟೆಯಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಬೆಂಕಿ ಮಾಡಬೇಕಿತ್ತು. 1398ರಲ್ಲಿ ತೆರೆದ ಸ್ಟೆಕ್ನಿಟ್ಸ್ ಕಾಲುವೆಯಲ್ಲಿ ಆ ಉಪ್ಪು ದೋಣಿಗಳಲ್ಲಿ ಲ್ಯೂಬೆಕ್‌ಗೆ ಬಂದು, ಇಲ್ಲಿಂದ ಹಡಗೇರಿ, ಇಂದು ಸ್ವೀಡನ್ನಿಗೆ ಸೇರಿದ ಸ್ಕೋನೆ ಕರಾವಳಿಗೆ ಹೋಗುತ್ತಿತ್ತು. ಅಲ್ಲಿ ರಾಶಿ ರಾಶಿ ಹೆರಿಂಗ್ ಮೀನು ಸಿಗುತ್ತಿತ್ತು, ಆದರೆ ಕೆಡದಂತೆ ಇಡಲು ಉಪ್ಪಿರಲಿಲ್ಲ. ಮಾಂಸ ಬಿಡಬೇಕಾದ ಉಪವಾಸದ ದಿನಗಳು ಕ್ರೈಸ್ತರ ಪಂಚಾಂಗದಲ್ಲಿ ಹೇರಳವಾಗಿದ್ದುದರಿಂದ ಆ ಉಪ್ಪುಮೀನಿನ ಪೀಪಾಯಿಗಳಿಗೆ ಯುರೋಪಿನ ಉದ್ದಗಲಕ್ಕೂ ಗಿರಾಕಿಗಳಿದ್ದರು. ವರ್ತಕ ನಗರಗಳ ಒಕ್ಕೂಟವಾದ ಹಾನ್ಸಾಕ್ಕೆ ಈ ಊರು ರಾಣಿಯಾದದ್ದು ಹೀಗೆ. ಈಗ ನಿಂತಿರುವ ಉಗ್ರಾಣಗಳು 16ರಿಂದ 18ನೇ ಶತಮಾನದವು.

ಇನ್ನು ಹೋಲ್‌ಸ್ಟೆನ್‌ಟೋರ್ ಹೆಬ್ಬಾಗಿಲು. 1464ರಿಂದ 1478ರವರೆಗೆ ಕಟ್ಟಿದ್ದು. ಕೆಸರು ನೆಲದಲ್ಲಿ ಕುಸಿದು ಗೋಪುರಗಳು ವಾಲಿವೆ, ಅದು ಕಣ್ಣಿಗೇ ಕಾಣುತ್ತದೆ. ಹೊರಮುಖದ ಗೋಡೆ ಮೂರೂವರೆ ಮೀಟರ್ ದಪ್ಪ, ಊರಿನ ಕಡೆಯದು ಒಂದು ಮೀಟರೂ ಇಲ್ಲ. ಎರಡೂ ಕಡೆಯಿಂದ ನೋಡಿ: ಹೊರಗೆ ಕೋಟೆ, ಒಳಗೆ ಸಾಲು ಸಾಲು ಕಿಟಕಿ. 1863ರಲ್ಲಿ ಇದನ್ನು ಕೆಡವಬೇಕೋ ಉಳಿಸಬೇಕೋ ಎಂಬ ಪ್ರಶ್ನೆ ಎದ್ದಾಗ ಒಂದೇ ಒಂದು ಮತದಿಂದ ಉಳಿದುಕೊಂಡಿತು. ಆ ಮತ ಹಾಕಿದವರಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಯಿಯ ವಿಷಯ: ಹಳೆಯ ಊರು ನೀರಿನಿಂದ ಸುತ್ತುವರಿದ ದ್ವೀಪ, ಉದ್ದ ಸುಮಾರು ಎರಡು ಕಿಲೋಮೀಟರ್. ದೂರ ಕಡಿಮೆಯಾದರೂ ಬೀದಿಗಳಿಗೆ ಹಾಸಿದ ಗುಂಡುಕಲ್ಲುಗಳು ಮಂಡಿಗೆ ಶತ್ರು. ಮೆತ್ತನೆಯ ಅಡಿಯ ಶೂ ಹಾಕಿಸಿ, ಚಪ್ಪಲಿ ಬೇಡ. ಸೇಂಟ್ ಪೀಟರ್ ಚರ್ಚಿನ ಗೋಪುರಕ್ಕೆ ಲಿಫ್ಟ್ ಇದೆ. ಐವತ್ತು ಮೀಟರ್ ಎತ್ತರದಿಂದ ಇಡೀ ದ್ವೀಪ, ಅದನ್ನು ಬಳಸಿ ಹರಿಯುವ ನೀರು ಎಲ್ಲವನ್ನೂ ಅವರು ಕಷ್ಟಪಡದೆ ನೋಡಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಾವು ಕಳೆದ ವರ್ಷ ಹೋಗಿದ್ದಾಗ ಸೇಂಟ್ ಮೇರಿ ಚರ್ಚಿನಲ್ಲಿ ಒಡೆದ ಗಂಟೆಗಳು ನೆಲದ ಮೇಲೆ ಬಿದ್ದಿದ್ದವು. ಇಷ್ಟು ವರ್ಷವಾದರೂ ಏಕೆ ತೆಗೆದಿಲ್ಲ?

ಉತ್ತರ:
ಬೇಕೆಂದೇ ಬಿಟ್ಟಿದ್ದಾರೆ. 1942ರ ಮಾರ್ಚ್ 28ರ ರಾತ್ರಿ, ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ರಾತ್ರಿ, ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದವು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಚರ್ಚಿಗೆ ಬೆಂಕಿ ಹತ್ತಿ, ದಕ್ಷಿಣ ಗೋಪುರದ ಗಂಟೆಗಳು ಕೆಳಗೆ ಬಿದ್ದು ನೆಲದಲ್ಲಿ ಹೂತವು. ಹತ್ತಿರ ನಿಂತು ನೋಡಿ: ದಪ್ಪನೆಯ ಕಂಚು ಮಡಕೆಯ ಚೂರಿನಂತೆ ಸೀಳಿದೆ, ಅಡಿಯ ಕಲ್ಲಿನ ಹಾಸು ಪುಡಿಯಾಗಿದೆ. ಇದೇ ಊರಿನಲ್ಲಿ ಹುಟ್ಟಿದ ಸಾಹಿತಿ ಥಾಮಸ್ ಮನ್ ಆಗ ಅಮೆರಿಕದಲ್ಲಿದ್ದರು. ಬಿಬಿಸಿ ಮೂಲಕ ಜರ್ಮನರೊಂದಿಗೆ ಮಾತನಾಡುತ್ತ, ತಮ್ಮೂರು ಸುಟ್ಟದ್ದಕ್ಕೆ ನೊಂದರೂ, ಜರ್ಮನರು ಬಾಂಬ್ ಹಾಕಿದ ಇಂಗ್ಲೆಂಡಿನ ಕಾವೆಂಟ್ರಿ ನಗರವನ್ನು ನೆನಪಿಸಿದರು. ನಾನು ಜನರನ್ನು ಅಲ್ಲಿಗೆ ಕರೆದೊಯ್ದಾಗ ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಅಲ್ಲಿಂದ ತಲೆಯೆತ್ತಿ ಚಾವಣಿಯನ್ನೂ ನೋಡಬೇಕು. 38.5 ಮೀಟರ್ ಎತ್ತರದ ಆ ಕಮಾನು ಇಟ್ಟಿಗೆಯ ಕಮಾನುಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಇಲ್ಲಿ ಆರ್ಗನ್ ನುಡಿಸುತ್ತಿದ್ದ ಬುಕ್ಸ್‌ಟೆಹುಡೆ ಅವರ ಸಂಗೀತ ಕೇಳಲು 1705ರಲ್ಲಿ, ಮುಂದೆ ಮಹಾನ್ ಸಂಗೀತಕಾರರಾದ ಬಾಖ್, ಇಪ್ಪತ್ತರ ಹರೆಯದಲ್ಲಿ ಸುಮಾರು 400 ಕಿಲೋಮೀಟರ್ ನಡೆದು ಬಂದರು. ನಾಲ್ಕು ವಾರ ರಜೆ ಪಡೆದು ಬಂದವರು ಮೂರು ತಿಂಗಳಿಗೂ ಹೆಚ್ಚು ಕಾಲ ಮರಳಲಿಲ್ಲ. ಮರಳುವ ಮುನ್ನ ಗರ್ಭಗುಡಿಯಂಥ ಭಾಗದ ಹಿಂದಿನ ಕಲ್ಲಿನ ಕೆತ್ತನೆಯಲ್ಲಿ ಪುಟ್ಟ ಇಲಿಯನ್ನು ಹುಡುಕಿ. ಮುಟ್ಟಿದರೆ ಅದೃಷ್ಟ ಎಂಬ ನಂಬಿಕೆಯಿಂದ ಜನ ಸವರಿ ಸವರಿ ಅದು ಕರಿದಾಗಿ ನುಣುಪಾಗಿದೆ.

ಪ್ರಶ್ನೆ (ಮೊದಲಿನವರು):
ಮೇಡಂ, ಊಟ ಮತ್ತು ಭಾನುವಾರದ ಬಗ್ಗೆಯೂ ಹೇಳಿಬಿಡಿ. ಸಮುದ್ರ ನೋಡುವುದಕ್ಕೆ ಸಮಯ ಸಿಗುತ್ತದೆಯೇ?

ಉತ್ತರ:
ಊಟದಲ್ಲಿ ಒಂದೇ ಎಚ್ಚರಿಕೆ: ಹುರಿದ ಆಲೂಗೆಡ್ಡೆ ಎಂದು ನಂಬಿ ತರಿಸಬೇಡಿ, ಅದರಲ್ಲಿ ಹಂದಿಮಾಂಸದ ಸಣ್ಣ ತುಣುಕುಗಳಿರುವುದು ಇಲ್ಲಿ ಸಾಮಾನ್ಯ. ‘ಓನೆ ಫ್ಲೈಶ್, ಓನೆ ಫಿಶ್, ಓನೆ ಶ್ಪೆಕ್’ (ಮಾಂಸ ಬೇಡ, ಮೀನು ಬೇಡ, ಹಂದಿಯ ತುಣುಕು ಬೇಡ) ಎಂದು ಮೂರನ್ನೂ ಹೇಳಿ. ಭಾನುವಾರ ಕಿರಾಣಿ ಅಂಗಡಿಗಳು ಮುಚ್ಚಿರುತ್ತವೆ, ಹಣ್ಣು ಮತ್ತು ಮೊಸರನ್ನು ಶನಿವಾರವೇ ಕೊಂಡಿಡಿ. ಮಿಠಾಯಿ ಎಂದರಲ್ಲ, ಅದು ಮಾರ್ಜಿಪಾನ್, ಬಾದಾಮಿ ಮತ್ತು ಸಕ್ಕರೆ ಅರೆದು ಮಾಡಿದ್ದು. 1806ರಿಂದ ನಡೆಯುತ್ತಿರುವ ನೀಡರೆಗರ್ ಅಂಗಡಿ ಪುರಭವನದ ಎದುರಿಗೇ ಇದೆ. ಕೇಕ್‌ಗಳಲ್ಲಿ ಮೊಟ್ಟೆ ಇರುತ್ತದೆ, ಕೆಲವು ಚಾಕೊಲೇಟ್‌ಗಳ ಒಳಗೆ ಮದ್ಯವಿರುತ್ತದೆ, ಕೇಳಿ ಕೊಳ್ಳಿ.

ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುವುದರಿಂದ ಅವನ್ನು ಶನಿವಾರವೇ ಮುಗಿಸಿ. ಸೇಂಟ್ ಜೇಕಬ್ ಚರ್ಚನ್ನು ಮಾತ್ರ ಬಿಡಬೇಡಿ. ಅದು ನಾವಿಕರ ಚರ್ಚು. 1957ರಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿದ ಪಾಮಿರ್ ಎಂಬ ಹಾಯಿಹಡಗಿನ ಒಡೆದ ಜೀವರಕ್ಷಕ ದೋಣಿ ಅಲ್ಲಿದೆ. ಹಡಗಿನಲ್ಲಿದ್ದ 86 ಜನರಲ್ಲಿ ಉಳಿದವರು ಆರೇ ಮಂದಿ. ಸತ್ತವರಲ್ಲಿ ಬಹಳಷ್ಟು ಮಂದಿ ಇನ್ನೂ ಹಡಗಿನ ಕೆಲಸ ಕಲಿಯುತ್ತಿದ್ದ ಹುಡುಗರು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಸಮುದ್ರ ತೀರದ ಟ್ರಾವೆಮ್ಯೂಂಡೆಗೆ ಹೋಗಿ, ಇಪ್ಪತ್ತು ನಿಮಿಷ ಸಾಕು. ಪಾಮಿರ್‌ನ ಜೊತೆಯ ಹಡಗು, 1911ರ ಪಸಾಟ್, ನಾಲ್ಕು ಕಂಬಗಳೊಂದಿಗೆ ಅಲ್ಲಿ ಲಂಗರು ಹಾಕಿದೆ. ಒಳಗಿನ ಏಣಿಗಳು ಕಡಿದಾಗಿವೆ, ಆಯಿಯನ್ನು ಇತ್ತ ದಂಡೆಯ ಬೆಂಚಿನಲ್ಲಿ ಕೂರಿಸಿ. ಗಾಳಿ ಚುಚ್ಚುತ್ತದೆ, ಮೇ ತಿಂಗಳು ಎಂದು ಸ್ವೆಟರ್ ಬಿಟ್ಟು ಬರಬೇಡಿ. ಅಪ್ಪಯ್ಯ ಒಂದು ಹನಿ ಸಮುದ್ರದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಲಿ. ಇಲ್ಲಿಯ ಬಾಲ್ಟಿಕ್ ನೀರಿನಲ್ಲಿ ನಮ್ಮ ಅರಬ್ಬೀ ಸಮುದ್ರದ ಅರ್ಧದಷ್ಟೂ ಉಪ್ಪಿಲ್ಲ. ಮೀನಿನ ಕಡಲಿನವರು ಒಳನಾಡಿನಿಂದ ಉಪ್ಪು ತರಿಸಬೇಕಾದದ್ದು ಏಕೆಂದು ಅವರಿಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಮೊದಲಿನವರು, ಪ್ರವಾಸದ ನಂತರ:
ಹೋಗಿ ಬಂದೆವು ಮೇಡಂ. ಅಪ್ಪಯ್ಯ ನೀರನ್ನು ಎರಡು ಸಲ ರುಚಿ ನೋಡಿ, ‘ಇದರಲ್ಲಿ ಆಗರ ಮಾಡಿದರೆ ಕೂಲಿಯೂ ಹುಟ್ಟದು’ ಎಂದರು. ಆಯಿ ಲಿಫ್ಟಿನಲ್ಲಿ ಎರಡು ಸಲ ಹತ್ತಿಳಿದರು. ಮಾರ್ಜಿಪಾನ್ ಕುಮಟಾಕ್ಕೆ ಒಯ್ಯಬಹುದೇ?

ಉತ್ತರ:
ಖಂಡಿತ. ಚಾಕೊಲೇಟ್ ಹೊದಿಸಿದ್ದು ಬೇಡ, ಕರಾವಳಿಯ ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ಬರಿಯ ಮಾರ್ಜಿಪಾನಿನ ಮುಚ್ಚಿದ ಪೊಟ್ಟಣ ತೆಗೆದುಕೊಳ್ಳಿ. ತೆರೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಣಗಿ ಗಟ್ಟಿಯಾಗುತ್ತದೆ.